‘ತಾನೇ’ ಎಂಬ ಮಾತಿನ ಕರ್ತೃವಿಚಾರ: ಬಾಲಿದ್ವೀಪದ ಜಲದೇವಾಲಯಗಳನ್ನು ಕುರಿತ ಎರಡು ಗ್ರಂಥಗಳ ವಿಮರ್ಶೆ

ಶಾಸ್ತ್ರಾಂತರಗಳಿಂದ ಹೊಸ ಶಬ್ದಗಳು ಭಾಷೆಯೊಳಕ್ಕೆ ಬರುವಾಗ ಅವುಗಳ ಬೆನ್ನಿಗೆ ಒಂದು ಸಿದ್ಧಾಂತವೂ ಹೇಳದೆ ಕೇಳದೆ ಒಳಹೊಗುವುದುಂಟು. ಶಬ್ದವನ್ನು ಅಂಗೀಕರಿಸಿದವನು ಸಿದ್ಧಾಂತವನ್ನೂ ಅಂಗೀಕರಿಸಿದಂತಾಗುವುದು. ಪರೀಕ್ಷೆಗೆ ಅವಕಾಶವೇ ದೊರೆಯದು. ಈಚಿನ ದಶಕಗಳಲ್ಲಿ ಜೀವಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳಲ್ಲಿ ಹೆಚ್ಚಾಗಿ ಕೇಳಿಬರುತ್ತಿರುವ ‘ಸ್ವಯಂಸಂಘಟನೆ’ ಎಂಬ ಮಾತು ಇಂಥದು. ಅನೇಕ ಘಟಕಗಳು ತಂತಮ್ಮ ನೆರೆಹೊರೆಯನ್ನು ಮಾತ್ರ ನೋಡಿಕೊಂಡು ನಡೆಯುತ್ತಿರಲು, ಮೇಲಿನಿಂದ ಆಜ್ಞಾಪಿಸುವವರು ಯಾರೂ ಇಲ್ಲದೆಯೇ ಸಮುದಾಯದಲ್ಲಿ ಒಂದು ಕ್ರಮವು ತಲೆದೋರುವುದೆಂಬುದು ಇದರ ತಾತ್ಪರ್ಯ. ಅನುಭವಕ್ಕೆ ತಕ್ಕಂತೆ ತಮ್ಮ ನಡೆಯನ್ನು ತಿದ್ದಿಕೊಳ್ಳಬಲ್ಲ ಘಟಕಗಳ ಸಮುದಾಯಕ್ಕೆ ‘ಸಂಕೀರ್ಣ ಹೊಂದಾಣಿಕೆಯ ವ್ಯವಸ್ಥೆ’ ಎಂದು ಹೆಸರು. ಅಮೆರಿಕದ ಸಾಂಟಾ ಫೆ ನಗರದಲ್ಲಿ ೧೯೮೪ರಲ್ಲಿ ಸ್ಥಾಪಿತವಾದ ವಿದ್ವತ್ಸಂಸ್ಥೆಯು ಇದರ ವ್ಯಾಸಂಗಕ್ಕೆ ಪ್ರಸಿದ್ಧವಾದ ಕೇಂದ್ರ.

ಈ ಮಾತಿನೊಳಗಿನ ‘ಸ್ವಯಂ’ ಎಂಬುದಕ್ಕೆ ಅರ್ಥವೇನು? ಕರ್ತೃವೇ ಇಲ್ಲವೆಂದೋ, ಕರ್ತೃವಿದ್ದರೂ ಅವನನ್ನು ಹೇಳಲಿಲ್ಲವೆಂದೋ, ಅಥವಾ ಕರ್ತೃಗಳು ಅನೇಕರೆಂದೋ? ಈ ಮೂರು ಅರ್ಥಗಳು ಒಂದೇ ಅಲ್ಲ. ಒಂದರ ಬದಲಿಗೆ ಇನ್ನೊಂದನ್ನು ಹಿಡಿದರೆ ಶಾಸ್ತ್ರಕ್ಕೂ ಲೋಕವ್ಯವಹಾರಕ್ಕೂ ಹಾನಿಯುಂಟು. ಈ ವಿಚಾರಕ್ಕೆ ಮಾನವಶಾಸ್ತ್ರಜ್ಞರಾದ ಸ್ಟೀಫನ್ ಲ್ಯಾನ್ಸಿಂಗ್ ಅವರು ಬಾಲಿದ್ವೀಪದ ನೀರಾವರಿಯನ್ನು ಕುರಿತು ರಚಿಸಿರುವ ಎರಡು ಗ್ರಂಥಗಳು ಉತ್ತಮವಾದ ಉದಾಹರಣೆ. ಒಂದು ೧೯೯೧ರ ‘ಪ್ರೀಸ್ಟ್ಸ್ ಅಂಡ್ ಪ್ರೋಗ್ರಾಮರ್ಸ್’, ಎಂದರೆ ಅರ್ಚಕರೂ ಗಣಕಯೋಜಕರೂ. ಇನ್ನೊಂದು ೨೦೦೬ರ ‘ಪರ್ಫೆಕ್ಟ್ ಆರ್ಡರ್’, ಎಂದರೆ ಪರಿಪೂರ್ಣವಾದ ಕ್ರಮ.

ಮೊದಲು ವಸ್ತುಸ್ಥಿತಿಯನ್ನು ತಿಳಿಯಬೇಕು. ಬಾಲಿಯು ಇಂಡೋನೇಷ್ಯಾಕ್ಕೆ ಸೇರಿದ ದ್ವೀಪ. ಅಗ್ನಿಪರ್ವತಗಳ ಇಳಿಜಾರುಗಳಲ್ಲಿ ಮೆಟ್ಟಿಲುಮೆಟ್ಟಿಲಾಗಿ ಬತ್ತದ ಗದ್ದೆಗಳಿವೆ. ಆಳವಾದ ಕಣಿವೆಗಳಲ್ಲಿ ಹರಿಯುವ ಹೊಳೆಗಳಿಗೆ ಅಲ್ಲಲ್ಲಿ ಸಣ್ಣ ಒಡ್ಡುಗಳನ್ನು ಕಟ್ಟಿ, ಸುರಂಗಗಳಿಂದಲೂ ಕಾಲುವೆಗಳಿಂದಲೂ ನೀರನ್ನು ಗದ್ದೆಗೆ ತರುವರು. ಒಂದು ಕಡೆಯಿಂದ ಬರುವ ನೀರನ್ನು ಹಂಚಿಕೊಳ್ಳುವ ರೈತರ ಕೂಟಕ್ಕೆ ‘ಸುಬಾಕ್’ ಎಂದು ಹೆಸರು. ೧೧ನೆಯ ಶತಮಾನದ ಶಾಸನಗಳಲ್ಲಿಯೇ ಇಂಥ ಕೂಟಗಳ ಪ್ರಸ್ತಾಪವಿದೆ. ಒಡ್ಡುಗಳ ಬಳಿ, ಕಾಲುವೆಗಳು ಕವಲೊಡೆಯುವಲ್ಲಿ, ಗದ್ದೆಯ ಬಯಲುಗಳ ನೆತ್ತಿಯಲ್ಲಿ ದೇವಾಲಯಗಳಿವೆ. ಒಂದೊಂದು ದೇವಾಲಯವನ್ನು ನಡೆಯಿಸುವವು ಅದರ ಕೆಳಗಿನ ಸುಬಾಕುಗಳು. ಎಲ್ಲಕ್ಕೂ ಮೇಲೆ, ಬಾತೂರ್ ಪರ್ವತದ ಸರೋವರದ ಅಧಿದೇವತೆಯಾದ ದೇವಿ ದಾನುವಿಗೆ ಮೀಸಲಾದ ಮಹಾದೇವಾಲಯ. ಅದರ ಪ್ರಧಾನ ಅರ್ಚಕನನ್ನು ಜೇರೋ ಗ್ದೆ ಎಂದು ಕರೆಯುವರು. ಯಾವ ಸುಬಾಕು ಯಾವಾಗ ನಾಟಿ ಮಾಡಬೇಕು, ಯಾವಾಗ ಗದ್ದೆಯನ್ನು ಬೀಳುಬಿಡಬೇಕು ಎಂಬುದು ಈ ದೇವಾಲಯಗಳ ಉತ್ಸವಪಂಚಾಂಗದೊಡನೆ ಹೆಣೆದುಕೊಂಡಿರುವುದು.

ಇದರಲ್ಲಿ ಅಡಗಿರುವ ಕೃಷಿಯುಕ್ತಿಯನ್ನು ಲ್ಯಾನ್ಸಿಂಗ್ ಅವರು ಬಹು ಸ್ಪಷ್ಟವಾಗಿ ವಿವರಿಸಿರುವರು. ಬತ್ತಕ್ಕೆ ಎರಡು ಭಯಗಳು: ಒಂದು ನೀರಿನ ಕೊರತೆ, ಇನ್ನೊಂದು ಇಲಿ ಹುಳುಗಳ ಕಾಟ. ವಿಸ್ತಾರವಾದ ಪ್ರದೇಶದಲ್ಲಿ ಎಲ್ಲರೂ ಒಂದೇ ಕಾಲಕ್ಕೆ ಕೊಯಿಲು ಮುಗಿಸಿ ಗದ್ದೆಯನ್ನು ಬಿಟ್ಟರೆ ಕೀಟಗಳಿಗೆ ಆಹಾರವೂ ಆಶ್ರಯವೂ ತಪ್ಪಿ ಅವು ನಶಿಸುವುವು. ಆದರೆ ಎಲ್ಲರೂ ಒಂದೇ ಕಾಲಕ್ಕೆ ನಾಟಿ ಮಾಡಿದರೆ ಎಲ್ಲರಿಗೂ ಒಂದೇ ಕಾಲಕ್ಕೆ ನೀರು ಬೇಕಾಗಿ ಹೊಳೆಯು ಸಾಲದೆ ಹೋಗುವುದು. ಒಬ್ಬೊಬ್ಬರು ಒಂದೊಂದು ಕಾಲಕ್ಕೆ ನಾಟಿ ಮಾಡಿದರೆ ನೀರಿಗೆ ಅನುಕೂಲ, ಕೀಟಗಳಿಗೂ ಅನುಕೂಲ! ಆದುದರಿಂದ ಅತಿ ಐಕ್ಯವೂ ಸಲ್ಲದು, ಅತಿ ಭೇದವೂ ಸಲ್ಲದು. ಇವುಗಳ ನಡುವೆ ಒಂದು ಅಳತೆಯ ಗುಂಪುಗಾರಿಕೆ ಬೇಕು. ಜಲದೇವಾಲಯಗಳು ಸುಬಾಕುಗಳನ್ನು ಕೂಡಿಸಿರುವುದು ಸರಿಸುಮಾರು ಆ ಅಳತೆಯಲ್ಲಿಯೇ.

ಈ ಯುಕ್ತಿಯನ್ನು ಅರಿಯದೆ ಹೋದುದರ ಫಲವನ್ನು ೧೯೭೦ರ ದಶಕದಲ್ಲಿ ಬಾಲಿಯವರು ಉಂಡರು. ಹಸಿರು ಕ್ರಾಂತಿಯ ಆ ದಿನಗಳಲ್ಲಿ ಬೇಗ ಫಲಿಸುವ ಹೊಸ ತಳಿಗಳನ್ನು ಬಿತ್ತಿ, ಎಷ್ಟು ಸಾಧ್ಯವೋ ಅಷ್ಟು ಸಲ ಬೆಳೆ ತೆಗೆಯಿರೆಂದು ಸರ್ಕಾರವು ರೈತರನ್ನು ಒತ್ತಾಯಪಡಿಸಿತು. ದೇವಾಲಯದ ಪಂಚಾಂಗವು ಮತಾಚಾರವೆಂದೂ ನೀರಿನ ಲೆಕ್ಕವು ಯಂತ್ರಶಿಲ್ಪಿಗಳ ಕಾರ್ಯವೆಂದೂ ಬಗೆಯಲಾಯಿತು. ನಾಟಿಯ ಕ್ರಮವು ಕೆಟ್ಟುಹೋದುದರಿಂದ ನೀರಿನ ಸರದಿಯು ಕಲಸಿಹೋಗಿ ಕಂದು ಜಿಗಿಹುಳುಗಳೂ ಇಲಿಗಳೂ ಬೆಳೆಯನ್ನು ಹಾಳುಮಾಡಿದುವು. ೧೯೭೯ರಲ್ಲಿ ಅಲ್ಲಿ ನೀರಾವರಿ ಯೋಜನೆಯೊಂದಕ್ಕೆ ಸಾಲ ಕೊಟ್ಟ ಏಷ್ಯಾ ಅಭಿವೃದ್ಧಿ ಬ್ಯಾಂಕೇ ಹಳೆಯ ಪದ್ಧತಿಯ ಗುಣವನ್ನು ಗಮನಿಸದಿದ್ದುದರಿಂದ ನಷ್ಟವಾಯಿತೆಂಬುದನ್ನು ಅನಂತರದ ಪರಿಶೀಲನೆಯಲ್ಲಿ ಒಪ್ಪಿಕೊಂಡಿತು.

ಲ್ಯಾನ್ಸಿಂಗ್ ಅವರೂ ಪರಿಸರವಿಜ್ಞಾನಿಗಳಾದ ಜೇಮ್ಸ್ ಕ್ರೀಮರ್ ಅವರೂ ಕೂಡಿ ಓಸ್ ಮತ್ತು ಪೆತಾನು ಎಂಬ ಎರಡು ಹೊಳೆಗಳ ಮೇಲಿನ ೧೭೨ ಸುಬಾಕುಗಳ ಗಣಕಮಾದರಿಯೊಂದನ್ನು ರಚಿಸಿದರು. ಆ ಶೋಧವು ೧೯೯೩ರಲ್ಲಿ ಲೇಖನರೂಪದಲ್ಲಿ ಪ್ರಕಟವಾಯಿತು. ಮಾದರಿಯಲ್ಲಿ ಪ್ರತಿಯೊಂದು ಸುಬಾಕಿಗೂ ಮೊದಲಿಗೆ ಯಾವುದೋ ಒಂದು ಬೆಳೆಸರದಿಯನ್ನು ಚೀಟಿ ಎತ್ತಿದಂತೆ ಗೊತ್ತುಮಾಡುವರು. ವರ್ಷಾಂತ್ಯದಲ್ಲಿ ಪ್ರತಿಯೊಂದು ಸುಬಾಕೂ ತನ್ನ ಫಸಲನ್ನು ನೆರೆಯವರ ಫಸಲಿನೊಡನೆ ಹೋಲಿಸಿನೋಡಿ, ಅವರಲ್ಲಿ ಯಾರಿಗೆ ಹೆಚ್ಚು ಬಂದಿತೋ ಅವರ ಸರದಿಯನ್ನು ಮುಂದಿನ ವರ್ಷಕ್ಕೆ ಅನುಸರಿಸುವುದು. ಇಷ್ಟೇ ನಿಯಮ. ಲೆಕ್ಕದ ಕೆಲವು ವರ್ಷಗಳು ಕಳೆಯುವಷ್ಟರಲ್ಲಿ ಸುಬಾಕುಗಳು ಗುಂಪುಗುಂಪಾಗಿ ಒಂದೇ ಸರದಿಯನ್ನು ಹಿಡಿಯುವುವು. ಆ ಗುಂಪುಗಳ ಹಂಚಿಕೆಯು ನಿಜವಾದ ದೇವಾಲಯಗಳ ಹಂಚಿಕೆಯನ್ನು ಬಹಳಮಟ್ಟಿಗೆ ಹೋಲುವುದು. ಒಟ್ಟು ಫಸಲೂ ಏರುವುದು. ಇಡೀ ಹೊಳೆಯ ಚಿತ್ರವನ್ನು ಕಂಡವರು ಯಾರೂ ಇಲ್ಲ, ಆದರೂ ಇಡೀ ಹೊಳೆಗೆ ಹಿತವಾದ ಕ್ರಮವು ಏರ್ಪಟ್ಟಿತು. ೨೦೧೭ರಲ್ಲಿ ಲ್ಯಾನ್ಸಿಂಗ್ ಅವರೂ ಅವರ ಸಹೋದ್ಯೋಗಿಗಳೂ ಆಕಾಶದಿಂದ ತೆಗೆದ ಗದ್ದೆಗಳ ಚಿತ್ರಗಳನ್ನು ಇಂಥ ಮಾದರಿಯೊಡನೆ ತಾಳೆ ನೋಡಿ ಈ ಮತವನ್ನು ಮತ್ತಷ್ಟು ಬಲಪಡಿಸಿರುವರು.

ಈ ಶೋಧದಿಂದ ಒಂದು ಹಳೆಯ ಮತವು ಶಿಥಿಲವಾಯಿತು. ಕಾರ್ಲ್ ವಿಟ್‌ಫೋಗೆಲ್ ಅವರು ೧೯೫೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ದೊಡ್ಡ ನೀರಾವರಿಯಿರುವಲ್ಲಿ ದೊಡ್ಡ ಪ್ರಭುತ್ವವು ಅನಿವಾರ್ಯವೆಂದೂ ಪ್ರಾಚ್ಯದೇಶಗಳ ನಿರಂಕುಶ ಪ್ರಭುತ್ವಕ್ಕೆ ಇದೇ ಮೂಲವೆಂದೂ ವಾದಿಸಿದ್ದರು. ಕ್ಲಿಫರ್ಡ್ ಗೀರ್ಟ್ಸ್ ಅವರು ೧೯೮೦ರ ತಮ್ಮ ‘ನೆಗರ’ ಎಂಬ ಗ್ರಂಥದಲ್ಲಿ ಬಾಲಿಯ ಅರಸನನ್ನು ಆಡಂಬರದ ರಂಗದಲ್ಲಿ ನಿಲ್ಲಿಸಿ, ನೀರಿನ ಆಡಳಿತವನ್ನು ಊರವರ ಕೈಯಲ್ಲಿರಿಸಿದರು. ಲ್ಯಾನ್ಸಿಂಗ್ ಅವರು ಇನ್ನೂ ಮುಂದೆ ಹೋಗಿ, ಊರುಗಳನ್ನು ಮೀರಿದ ಹೊಂದಾಣಿಕೆಯೂ ಅರಸನ ಹಂಗಿಲ್ಲದೆ ಸಾಧ್ಯವೆಂದು ತೋರಿಸಿದರು. ಇದಕ್ಕೆ ಪ್ರತಿಪಕ್ಷವೂ ಇಲ್ಲದಿಲ್ಲ. ಬ್ರಿಗಿಟ್ಟಾ ಹೌಸರ್-ಶೋಯ್ಬ್ಲಿನ್ ಅವರು ೨೦೦೩ರಲ್ಲಿ, ಹಿಂದಿನ ಅರಸರಿಗೂ ಅವರ ಅಧಿಕಾರಿಗಳಿಗೂ ದೇವಾಲಯಗಳಲ್ಲಿಯೂ ನೀರಾವರಿಯಲ್ಲಿಯೂ ಸಂಬಂಧವಿದ್ದಿತೆಂದು ವಾದಿಸಿ, ರಾಜನಿಲ್ಲದ ನೀರಾವರಿಯ ಚಿತ್ರವನ್ನು ಪ್ರಶ್ನಿಸಿದರು.

ಹೀಗೆ ಒಂದು ಪಕ್ಷವು ‘ರಾಜನೇ ಕರ್ತೃ’ ಎನ್ನುವುದು. ಇನ್ನೊಂದು ಪಕ್ಷವು ‘ತಾನೇ ಆಯಿತು’ ಎನ್ನುವುದು. ಈ ವಿವಾದದಲ್ಲಿ ವ್ಯಾಕರಣಶಾಸ್ತ್ರದ ಒಂದು ವಿಚಾರವು ಪ್ರಯೋಜನಕ್ಕೆ ಬರಬಹುದು. ಸಂಸ್ಕೃತದಲ್ಲಿ ಕರ್ಮಕರ್ತರಿಪ್ರಯೋಗವೆಂಬುದೊಂದುಂಟು. ಅಡುಗೆಯವನು ಅನ್ನವನ್ನು ಬೇಯಿಸುತ್ತಾನೆ ಎಂಬಲ್ಲಿ ಅನ್ನವು ಕರ್ಮ. ಆ ಕೆಲಸವು ಬಹು ಸುಲಭವಾಗಿ ಆಗುತ್ತಿದೆಯೆಂದು ತೋರಿಸಬೇಕಾದಾಗ ಅಡುಗೆಯವನ ವ್ಯಾಪಾರವನ್ನು ಹೇಳದೆ, ಅನ್ನವು ತಾನೇ ಬೇಯುತ್ತದೆ ಎನ್ನುವರು. ಆಗ ಕರ್ಮವೇ ಕರ್ತೃಸ್ಥಾನಕ್ಕೆ ಏರುವುದು. ಇದಕ್ಕೆ ಪಾಣಿನಿಯು ಪ್ರತ್ಯೇಕ ಸೂತ್ರವನ್ನೇ ರಚಿಸಿರುವನು. ಸೌಕರ್ಯದ ಅತಿಶಯವನ್ನು ಸೂಚಿಸುವುದಕ್ಕಾಗಿ ಕರ್ತೃವ್ಯಾಪಾರವನ್ನು ವಿವಕ್ಷಿಸದಿರುವುದೇ ಇಲ್ಲಿನ ಬೀಜವೆಂದು ಭಟ್ಟೋಜಿದೀಕ್ಷಿತರು ಸಿದ್ಧಾಂತಕೌಮುದಿಯಲ್ಲಿ ತಿಳಿಸಿರುವರು. ವಿವಕ್ಷೆಯಿಲ್ಲವೆಂದ ಮಾತ್ರಕ್ಕೆ ವಸ್ತುವಿಲ್ಲವೆಂದಾಗುವುದಿಲ್ಲ. ಅನ್ನವು ತಾನೇ ಬೇಯುತ್ತದೆಂದು ಹೇಳಿದವನು ಒಲೆಗೆ ಸೌದೆಯನ್ನು ಇಕ್ಕಿದವರು ಯಾರೂ ಇಲ್ಲವೆಂದು ಹೇಳಿದಂತಲ್ಲ.

ಕನ್ನಡದ ವಾಚಕರು ಇಲ್ಲಿ ಹೆಚ್ಚು ಎಚ್ಚರದಿಂದಿರಬೇಕು. ಸಂಸ್ಕೃತದಲ್ಲಿ ಬೇಯಿಸುವವನನ್ನು ಮರೆಸಲು ವಿಶೇಷ ಪ್ರಯೋಗವು ಬೇಕು; ಕನ್ನಡದಲ್ಲಿ ಧಾತುವೇ ಅವನನ್ನು ಮರೆಸಿಬಿಡುವುದು. ‘ಬೇಯು’ ಎಂಬುದು ಮೂಲಧಾತು; ಬೇಯಿಸುವವನನ್ನು ತರಬೇಕಾದರೆ ‘ಇಸು’ ಪ್ರತ್ಯಯವನ್ನು ಹಚ್ಚಬೇಕು. ಕೂಡು, ಕೂಡಿಸು, ಸೇರು, ಸೇರಿಸು, ಏರ್ಪಡು, ಏರ್ಪಡಿಸು: ಇವೆಲ್ಲ ಇದೇ ಜಾತಿಯವು. ಇನ್ನು ‘ಬಾಗಿಲು ತೆರೆದುಕೊಂಡಿತು’ ಎಂಬಲ್ಲಿ ‘ಕೊಳ್ಳು’ ಎಂಬ ಸಹಾಯಧಾತುವು ತೆರೆದ ಕೈಯನ್ನು ಪೂರ್ತಿಯಾಗಿ ಮರೆಮಾಡುವುದು. ಆದುದರಿಂದ ‘ಸುಬಾಕುಗಳಲ್ಲಿ ಕ್ರಮವು ಏರ್ಪಟ್ಟಿತು’ ಎಂಬ ವಾಕ್ಯವು ಕನ್ನಡದ ಕಿವಿಗೆ ಸಹಜವಾಗಿಯೇ ಕೇಳಿಸುವುದು. ಏರ್ಪಡಿಸಿದವರಾರು ಎಂಬ ಆಕಾಂಕ್ಷೆಯೇ ಹುಟ್ಟುವುದಿಲ್ಲ.

ಹಾಗಾದರೆ ಏರ್ಪಡಿಸಿದವನು ಒಬ್ಬನಿರಲೇಬೇಕೆಂದು ವ್ಯಾಕರಣವು ಹಟ ಹಿಡಿಯುವುದೆ? ಇಲ್ಲ. ಕಾರಕಗಳ ವಿಚಾರದಲ್ಲಿ ಪತಂಜಲಿಯು ಮಹಾಭಾಷ್ಯದಲ್ಲಿ ಸೂಕ್ಷ್ಮವಾದ ಒಂದು ಮಾತನ್ನು ಹೇಳಿರುವನು. ಪಾತ್ರೆಯು ಅಕ್ಕಿಯನ್ನು ಧರಿಸುವುದು, ಸೌದೆಯು ಉರಿಯುವುದು. ತಂತಮ್ಮ ಈ ವ್ಯಾಪಾರಗಳಲ್ಲಿ ಪಾತ್ರೆಯೂ ಸೌದೆಯೂ ಸ್ವತಂತ್ರವಾದುವೇ. ಪ್ರಧಾನಕರ್ತೃವಿನ ಸನ್ನಿಧಿಯಲ್ಲಿ ಮಾತ್ರ ಅವು ಪರತಂತ್ರ. ಮಂತ್ರಿಗಳು ರಾಜನೊಡನೆ ಕೂಡಿದಾಗ ಅವನಿಗೆ ಅಧೀನರಾಗಿಯೂ, ಅವನಿಲ್ಲದಾಗ ತಮ್ಮ ಕಾರ್ಯದಲ್ಲಿ ಸ್ವತಂತ್ರರಾಗಿಯೂ ನಡೆಯುವರೆಂಬುದು ಅಲ್ಲಿಯ ದೃಷ್ಟಾಂತ. ಬಾಲಿಯ ವಿವಾದಕ್ಕೆ ಈ ದೃಷ್ಟಾಂತವು ಅಚ್ಚಾಗಿ ಒಪ್ಪುವುದು. ರಾಜನು ದೂರವಿದ್ದ ಮಾತ್ರಕ್ಕೆ ಕರ್ತೃಗಳಿಲ್ಲವೆಂದಾಗಲಿಲ್ಲ. ಮಂತ್ರಿಗಳೆಲ್ಲರೂ ಕರ್ತೃಗಳಾದರು ಎಂದಾಯಿತು. ‘ಸ್ವಯಂ’ ಎಂಬುದರ ಸರಿಯಾದ ಅರ್ಥ ಕರ್ತೃಬಹುತ್ವವೇ ಹೊರತು ಕರ್ತೃಶೂನ್ಯತ್ವವಲ್ಲ.

ಈ ಹೊಸ ಶಾಸ್ತ್ರದ ಪ್ರವರ್ತಕರಲ್ಲಿ ಒಬ್ಬರಾದ ರಾಸ್ ಆಶ್ಬಿ ಅವರೇ ಇದಕ್ಕೆ ಸಮೀಪವಾದ ಎಚ್ಚರಿಕೆಯನ್ನು ಕೊಟ್ಟಿದ್ದರು. ಕಟ್ಟುನಿಟ್ಟಾದ ಅರ್ಥದಲ್ಲಿ ಯಾವ ಯಂತ್ರವೂ ತನ್ನನ್ನು ತಾನೇ ಸಂಘಟಿಸಿಕೊಳ್ಳಲಾರದೆಂದೂ, ಹಾಗೆ ತೋರುವಲ್ಲಿ ಅದರೊಡನೆ ಕೂಡಿದ ಇನ್ನೊಂದು ಅದನ್ನು ಮಾರ್ಪಡಿಸುತ್ತಿರುವುದೆಂದೂ ಅವರು ೧೯೬೨ರ ಪ್ರಬಂಧದಲ್ಲಿ ವಾದಿಸಿರುವರು. ಈ ಎಚ್ಚರಿಕೆಯನ್ನು ಶಾಸ್ತ್ರದ ಅನುಯಾಯಿಗಳು ಆಗಾಗ ಮರೆಯುವರು.

ಆದರೆ ಇಷ್ಟರಿಂದಲೇ ಹೊಸದೇನೂ ಇಲ್ಲವೆಂದು ತೀರ್ಮಾನಿಸುವುದು ಅವಿಚಾರ. ಅಡುಗೆಯ ದೃಷ್ಟಾಂತವು ಒಂದೆಡೆ ಸೋಲುವುದು. ಧಾತ್ವರ್ಥದಲ್ಲಿ ಫಲ, ವ್ಯಾಪಾರ ಎಂಬ ಎರಡು ಅಂಶಗಳನ್ನು ಶಾಬ್ದಿಕರು ವಿಂಗಡಿಸುವರು. ಅಡುಗೆಯವನಿಗೆ ಅನ್ನವೆಂಬ ಫಲವು ಉದ್ದಿಷ್ಟವಾದುದು. ಸುಬಾಕಿನ ರೈತನಿಗಾದರೋ ತನ್ನ ಗದ್ದೆಯ ಫಸಲು ಉದ್ದಿಷ್ಟ. ಹೊಳೆಯ ಉದ್ದಕ್ಕೂ ಹರಡಿದ ಕ್ರಮವು ಉದ್ದಿಷ್ಟವಲ್ಲ. ವ್ಯಾಪಾರಗಳು ಒಬ್ಬೊಬ್ಬರಲ್ಲಿವೆ, ಫಲವು ಮಾತ್ರ ಯಾರ ಉದ್ದೇಶದಲ್ಲಿಯೂ ಇಲ್ಲದೆ ಸಮುದಾಯದಲ್ಲಿದೆ. ಈ ಫಲಕ್ಕೇ ಹೊಸ ಶಾಸ್ತ್ರದವರು ‘ಎಮರ್ಜೆನ್ಸ್’ ಎನ್ನುವರು.

ಸಮುದಾಯಕ್ಕೆ ಮಾತ್ರ ಸೇರಿದ ಧರ್ಮವೊಂದು ಇರಬಹುದೆ ಎಂಬ ಪ್ರಶ್ನೆಯನ್ನು ಮಹಾಭಾಷ್ಯದಲ್ಲಿ ವರ್ಣಗಳಿಗೆ ಅರ್ಥವಿದೆಯೆ ಎಂದು ವಿಚಾರಿಸುವಲ್ಲಿ ಕಾಣಬಹುದು. ಅಲ್ಲಿ ಎರಡು ಬಗೆಯ ನಿದರ್ಶನಗಳಿವೆ. ಒಂದು ಎಳ್ಳಿನಲ್ಲಿ ಎಣ್ಣೆಯುಂಟು, ರಾಶಿಯಲ್ಲಿಯೂ ಉಂಟು. ಒಂದು ಮರಳಿನಲ್ಲಿ ಎಣ್ಣೆಯಿಲ್ಲ, ಮರಳಿನ ರಾಶಿಯಲ್ಲಿಯೂ ಇಲ್ಲ. ಇದು ಒಂದು ಬಗೆ. ಬಿಡಿಬಿಡಿಯಾದ ರಥಾಂಗಗಳಲ್ಲಿ ಯಾವುದೂ ಚಲಿಸಲಾರದು, ಅವು ಕೂಡಿದ ರಥವು ಚಲಿಸಬಲ್ಲುದು. ಇದು ಇನ್ನೊಂದು ಬಗೆ. ಮರಳಿನ ರಾಶಿಯನ್ನೂ ರಥವನ್ನೂ ಬೇರ್ಪಡಿಸುವುದು ಅಂಗಗಳ ಸಂಖ್ಯೆಯಲ್ಲ, ಅವುಗಳ ಪರಸ್ಪರ ಸಂಬಂಧ. ಸುಬಾಕುಗಳ ಸಮುದಾಯವು ರಥದ ಜಾತಿಯದು. ಆದರೆ ರಥಕ್ಕೆ ಬಡಗಿಯುಂಟು. ಈ ರಥಕ್ಕೆ ಅಂಗಗಳೇ ಬಡಗಿಗಳು. ಇಷ್ಟು ಭೇದವನ್ನು ಬಿಡಿಸಿ ತೋರಿಸಿದುದೇ ಲ್ಯಾನ್ಸಿಂಗ್ ಮತ್ತು ಕ್ರೀಮರ್ ಅವರ ಮಾದರಿಯ ನಿಜವಾದ ಹೆಚ್ಚಳ. ಹಳೆಯ ಭಾಷ್ಯದಲ್ಲಿ ಈ ಶಾಸ್ತ್ರವು ಮೊದಲೇ ಇದ್ದಿತೆಂದು ಹೇಳುವುದು ಭಾಷ್ಯಕ್ಕೆ ಗೌರವವಲ್ಲ. ಪತಂಜಲಿಯು ಶಬ್ದವನ್ನು ಕುರಿತು ವಿಚಾರಿಸಿದನು, ಗದ್ದೆಯ ನೀರನ್ನು ಅಳೆಯಲಿಲ್ಲ. ಹಾಗೆಯೇ ಬಾಲಿಯ ಸುಬಾಕುಗಳನ್ನು ೨೦೧೨ರಲ್ಲಿ ಯುನೆಸ್ಕೋ ವಿಶ್ವಪರಂಪರೆಗೆ ಸೇರಿಸುವಾಗ ಮುಂದಿಟ್ಟ ‘ತ್ರಿಹಿತಕರಣ’ ಎಂಬ ಸಂಸ್ಕೃತ ಸಮಾಸವೂ ೧೯೬೦ರ ದಶಕದಲ್ಲಿ ಬಳಕೆಗೆ ಬಂದುದೇ ಹೊರತು ಪ್ರಾಚೀನವಲ್ಲ. ಗದ್ದೆಗಳು ಹಳೆಯವು, ಹೆಸರು ಹೊಸದು.

‘ಎಮರ್ಜೆನ್ಸ್’ ಎಂಬ ಪದವೂ ಪರೀಕ್ಷಾರ್ಹವಾದುದು. ಲೂಯಿಸ್ ಎಂಬ ಆಂಗ್ಲ ಗ್ರಂಥಕಾರನು ೧೮೭೫ರಲ್ಲಿ ಇದರ ವಿಶೇಷಣರೂಪವನ್ನು ಈ ಅರ್ಥದಲ್ಲಿ ಬಳಸಿದನು. ಲ್ಯಾಟಿನ್ ಮೂಲದಲ್ಲಿ ಇದಕ್ಕೆ ನೀರಿನಿಂದ ಮೇಲೇಳುವುದೆಂದು ಅರ್ಥ. ಸಂಸ್ಕೃತದ ‘ಉನ್ಮಜ್ಜನ’ವು ಇದಕ್ಕೆ ನೇರವಾದ ಪ್ರತಿಶಬ್ದ. ಆದರೆ ನೀರಿನಿಂದ ಮೇಲೆದ್ದುದು ಮೊದಲು ನೀರಿನೊಳಗೆ ಇದ್ದಿತೆಂದಾಗುವುದು. ಹಾಗಾದರೆ ಇದು ಸಾಂಖ್ಯರ ಸತ್ಕಾರ್ಯವಾದ; ಕಾರ್ಯವು ಕಾರಣದಲ್ಲಿ ಮೊದಲೇ ಅಡಗಿರುವುದು. ಈ ಶಾಸ್ತ್ರದವರ ಅಭಿಪ್ರಾಯವಾದರೋ ತದ್ವಿರುದ್ಧ. ಬಿಡಿ ಘಟಕಗಳಲ್ಲಿ ಇಲ್ಲದುದು ಸಮುದಾಯದಲ್ಲಿ ಹೊಸದಾಗಿ ಆರಂಭವಾಗುವುದೆಂಬ ಇದು ನೈಯಾಯಿಕರ ಅಸತ್ಕಾರ್ಯವಾದಕ್ಕೆ ಹತ್ತಿರ. ಹೀಗೆ ಪದವು ಒಂದು ಕಡೆಗೂ ಅರ್ಥವು ಇನ್ನೊಂದು ಕಡೆಗೂ ಎಳೆಯುತ್ತಿರುವಾಗ ಪದವನ್ನೇ ಕಾರಣವೆಂದು ಭ್ರಮಿಸುವ ಅಪಾಯವಿದೆ. ‘ಕ್ರಮವು ಹೊಮ್ಮಿತು’ ಎಂದರೆ ಕ್ರಮವು ಹೇಗೆ ಬಂದಿತೆಂದು ವಿವರಿಸಿದಂತಾಗಲಿಲ್ಲ. ವಿವರಿಸಬೇಕಾದುದೊಂದಿದೆ ಎಂದು ಬೆರಳಿಟ್ಟು ತೋರಿಸಿದಂತಾಯಿತು. ಲ್ಯಾನ್ಸಿಂಗ್ ಅವರ ಗ್ರಂಥದಲ್ಲಿ ವಿವರಣೆಯಿರುವುದು ಈ ಪದದಲ್ಲಲ್ಲ. ಕೀಟ, ನೀರು, ನೆರೆಯವನ ಫಸಲು ಎಂಬ ಮೂರರ ಲೆಕ್ಕದಲ್ಲಿ.

ಗ್ರಂಥಗಳ ದೋಷವನ್ನೂ ಹೇಳಬೇಕು. ಮಾದರಿಯು ತೋರಿಸುವುದು ಸಂಭವವನ್ನು, ಇತಿಹಾಸವನ್ನಲ್ಲ. ಅನುಕರಣೆಯೊಂದರಿಂದಲೇ ಇಂಥ ಕ್ರಮವು ಬರಬಹುದೆಂಬುದು ಸಿದ್ಧವಾದ ಮಾತ್ರಕ್ಕೆ ಬಾಲಿಯಲ್ಲಿ ಅದು ಹಾಗೆಯೇ ಬಂದಿತೆಂಬುದು ಸಿದ್ಧವಾಗದು. ಮಾದರಿಯ ಸುಬಾಕು ನೆರೆಯವನನ್ನು ನೋಡಿ ಅನುಕರಿಸುವುದಷ್ಟೆ. ನಿಜವಾದ ಸುಬಾಕಿನ ರೈತನು ಸಭೆಯಲ್ಲಿ ಕುಳಿತು ವಾದಿಸುವನು. ಅವಿಗ್-ಅವಿಗ್ ಎಂಬ ಕಟ್ಟಳೆಗಳಿಗೆ ಒಳಪಟ್ಟಿರುವನು. ತಪ್ಪಿದರೆ ದಂಡ ತೆರುವನು. ವಿವಾದವು ಬಗೆಹರಿಯದಿದ್ದರೆ ಬಾತೂರಿನ ದೇವಾಲಯಕ್ಕೆ ಹೋಗಿ ಕೇಳುವನು. ಮೇಲಿನ ಗದ್ದೆಯವನಿಗೆ ನೀರಿನ ಭಯವಿಲ್ಲ, ಆದರೂ ಕೆಳಗಿನವನೊಡನೆ ಸರದಿಯನ್ನು ಹೊಂದಿಸಿಕೊಳ್ಳುವನು. ಏಕೆಂದರೆ ಕೆಳಗಿನವನು ಸರದಿ ತಪ್ಪಿದರೆ ಹುಳುಗಳು ಮೇಲಕ್ಕೂ ಬರುವುವು. ಇದನ್ನು ಲ್ಯಾನ್ಸಿಂಗ್ ಅವರೂ ಜಾನ್ ಮಿಲ್ಲರ್ ಅವರೂ ೨೦೦೫ರ ಲೇಖನದಲ್ಲಿ ತರ್ಕಬದ್ಧವಾಗಿ ನಿರೂಪಿಸಿರುವರು. ಇದು ಕುರುಡು ಅನುಕರಣೆಯಲ್ಲ, ಲಾಭನಷ್ಟಗಳನ್ನು ಬಲ್ಲವರ ಒಪ್ಪಂದ. ಎರಡನೆಯ ಗ್ರಂಥದಲ್ಲಿ ಲ್ಯಾನ್ಸಿಂಗ್ ಅವರು ಸುಬಾಕಿನೊಳಗಿನ ಮತ್ಸರ, ಅಂತಸ್ತಿನ ಭೇದ, ಸಭೆಯಲ್ಲಿನ ಸಮಾನತೆ ಇವುಗಳನ್ನು ಪ್ರಾಮಾಣಿಕವಾಗಿ ವರ್ಣಿಸಿರುವರು. ಆದರೆ ಆ ಗ್ರಂಥಕ್ಕೆ ‘ಪರಿಪೂರ್ಣವಾದ ಕ್ರಮ’ ಎಂಬ ಹೆಸರನ್ನು ಇಟ್ಟುದು ಒಳಗಿನ ವರ್ಣನೆಗೆ ಹೊಂದದು. ದಿನದಿನವೂ ಜಗಳವಾಡಿ ಸರಿಪಡಿಸಿಕೊಳ್ಳುವ ಕ್ರಮವು ಪರಿಪೂರ್ಣವಲ್ಲ, ಪಾಲಿತವಾದುದು.

ಪಾಲಿತವೆಂಬ ಈ ಮಾತಿನಲ್ಲಿಯೇ ವಿಚಾರದ ಸಾರವಿದೆ. ೧೯೭೦ರ ದಶಕದ ಅಧಿಕಾರಿಗಳು ರೈತರನ್ನೂ ಅರ್ಚಕರನ್ನೂ ಕೇಳಲಿಲ್ಲ. ನೀರಿಗೂ ಅವರಿಗೂ ಸಂಬಂಧವಿಲ್ಲವೆಂದು ತಿಳಿದರು. ಅವರ ದೃಷ್ಟಿಯಲ್ಲಿ ಆ ಕರ್ತೃಗಳು ಅವಿವಕ್ಷಿತರು. ಅದರ ತಪ್ಪನ್ನು ತೋರಿಸಿದ ಕೀರ್ತಿ ಲ್ಯಾನ್ಸಿಂಗ್ ಅವರದು. ಆದರೆ ಅವರ ಹಿಂದೆ ಬಂದವರು ‘ಇದೆಲ್ಲ ತಾನೇ ಆಗುವುದು’ ಎಂದು ಹೇಳಿದರೆ ಅದೇ ರೈತರು ಎರಡನೆಯ ಸಲ ಮರೆಯಾಗುವರು. ತಾನೇ ಆಗುವುದನ್ನು ಕಾಪಾಡುವ ಆವಶ್ಯಕತೆ ಯಾರಿಗೆ? ತಾನೇ ಆದುದು ಕೆಟ್ಟರೆ ಹೊಣೆ ಯಾರದು? ಬಾಲಿಯಲ್ಲಿ ಗದ್ದೆಗಳು ಕಟ್ಟಡಗಳಿಗೂ ನೀರು ಪ್ರವಾಸಿಗಳ ವಸತಿಗೃಹಗಳಿಗೂ ಸಲ್ಲುತ್ತಿರುವ ಈ ಕಾಲದಲ್ಲಿ ಈ ಪ್ರಶ್ನೆಗಳು ಕೇವಲ ಶಬ್ದವಿಚಾರವಲ್ಲ. ಸುಬಾಕು ತಾನೇ ಹುಟ್ಟಿದ್ದರೂ ತಾನೇ ಉಳಿಯಲಾರದು.

ಆದುದರಿಂದ ಈ ಶಾಸ್ತ್ರವನ್ನು ಕನ್ನಡದಲ್ಲಿ ಬೋಧಿಸುವವರು ಪದಗಳನ್ನು ಆರಿಸುವಾಗ ಕರ್ತೃವನ್ನು ಕಳೆದುಕೊಳ್ಳದಂತೆ ನೋಡಿಕೊಳ್ಳುವುದು ಉಚಿತ. ‘ಸ್ವಯಂಸಂಘಟನೆ’ಗಿಂತ ‘ಪರಸ್ಪರಸಂಘಟನೆ’ ಎಂಬುದು ಅರ್ಥಕ್ಕೆ ಹೆಚ್ಚು ಸಮೀಪ; ಅದರಲ್ಲಿ ಒಬ್ಬರನ್ನೊಬ್ಬರು ನೋಡಿ ನಡೆಯುವ ಅನೇಕರು ಕಾಣುವರು. ‘ಎಮರ್ಜೆನ್ಸ್’ಗೆ ‘ಉನ್ಮಜ್ಜನ’ಕ್ಕಿಂತ ‘ಸಮುದಾಯಧರ್ಮ’ವೆಂಬುದು ನಿರುಪದ್ರವ. ಹೊಸ ಪದಗಳು ರೂಢಿಗೆ ಬರದಿದ್ದರೂ ಚಿಂತೆಯಿಲ್ಲ. ‘ತಾನೇ’ ಎಂಬ ಮಾತನ್ನು ಕೇಳಿದಾಗಲೆಲ್ಲ ‘ಯಾರು ಯಾರು ಸೇರಿ?’ ಎಂದು ಮರುಪ್ರಶ್ನೆ ಹಾಕುವ ಅಭ್ಯಾಸವು ವಿದ್ಯಾರ್ಥಿಗಳಲ್ಲಿ ನೆಲೆಸಿದರೆ ಸಾಕು. ಲ್ಯಾನ್ಸಿಂಗ್ ಅವರ ಗ್ರಂಥಗಳನ್ನು ಹೀಗೆ ಪ್ರಶ್ನಿಸುತ್ತ ಓದುವವರಿಗೆ ಅವು ನಿಶ್ಚಯವಾಗಿಯೂ ಲಾಭದಾಯಕವಾಗುವುವು.